ಆರ್ಲೋಗೆ ಬೇಕಾಗಿದ್ದ ಖಾಲಿ ಚಿತ್ರ

ಆರ್ಲೋಗೆ ಇದ್ದದ್ದು ಒಂದೇ ಆಸೆ. ಒಂದು ನರಪಿಳ್ಳೆಯೂ ಇಲ್ಲದ ಶಾಪಿಂಗ್ ಮಾಲಿನ ಚಿತ್ರ ತೆಗೆಯಬೇಕು. ಊರವರೆಲ್ಲ ರಜೆಗೆ ಕಡಲು, ಬೆಟ್ಟ ನೋಡಲು ಹೋದರೆ ಅವನು ಗಿರಾಕಿಗಳಿಲ್ಲದೆ ಸಾಯುತ್ತಿರುವ ಮಾಲುಗಳನ್ನು ಹುಡುಕಿಕೊಂಡು ಹೋಗುತ್ತಿದ್ದ. ಆದರೆ ಎಲ್ಲಿ ಹೋದರೂ ಚಿತ್ರದ ಮೂಲೆಯಲ್ಲಿ ಯಾರದೋ ಮೊಣಕೈ ಬಂದು ಕೂರುತ್ತಿತ್ತು.

ಓಹಾಯೋದ ವಿಲ್ಲೋಟ್ರೇಸ್ ಮಾಲು ಅಂದು ಸಂಜೆ ಶಾಶ್ವತವಾಗಿ ಮುಚ್ಚುವುದಿತ್ತು. ಆರ್ಲೋ ಚರ್ಚಿಗೆ ಬಂದವನಂತೆ ಟೋಪಿ ತೆಗೆದು ಒಳಗೆ ಕಾಲಿಟ್ಟ.

ಬಾಗಿಲಲ್ಲೇ ಮ್ಯಾನೇಜರ್ ಡ್ವೇನ್ ಬೀಗಕ್ಕೆ ಎಣ್ಣೆ ಹಾಕುತ್ತಿದ್ದ. "ಚೀಲ ಹಿಡ್ಕೊಂಡ ಒಬ್ನೇ ಒಬ್ಬ ಗಿರಾಕಿ ಫೋಟೋ ಕಳ್ಸು, ಮುಚ್ಚಲ್ಲ ಅಂದ್ರು ಯಜಮಾನ್ರು. ಎಲ್ಲಿಂದ ತರ್ಲಿ ಸಾರ್?" ಎಂದು ಮೂಗು ಸೀಟಿಕೊಂಡು ತನ್ನ ಕೋಣೆ ಸೇರಿದ.

ಕಾರಂಜಿ ಒಣಗಿತ್ತು. ಪ್ಲಾಸ್ಟಿಕ್ ತಾಳೆಮರ ಗೋಡೆಗೊರಗಿ ತೂಕಡಿಸುತ್ತಿತ್ತು. ಆರ್ಲೋನ ಕಣ್ಣು ತುಂಬಿಬಂತು. ಕ್ಯಾಮೆರಾ ಎತ್ತಿದ. ಬೀಸುಗಾಲು ಹಾಕುತ್ತ ಮೂವರು ಅಜ್ಜಿಯರು ಅಡ್ಡ ಬಂದರು.

"ಮೊಣಕಾಲಿಗೆ ನಡಿಗೆ ಒಳ್ಳೇದಂತೆ ಮಗಾ. ಹೊರಗೆ ಹಿಮ, ಇಲ್ಲಿ ಬೆಚ್ಚಗಿದೆ," ಎಂದಳು ಮುಂದಿದ್ದ ಮ್ಯಾವಿಸ್.

"ಸ್ವಲ್ಪ ಪಕ್ಕಕ್ಕೆ ನಿಲ್ತೀರಾ ಅಜ್ಜಿ?"

"ನಿಂತ್ರೆ ಕಾಲು ಹಿಡ್ಕೊಳುತ್ತೆ. ಬಾಯಿಗೇನಾದ್ರೂ ಇದ್ರೆ ಕೂತ್ಕೋಬಹುದು."

ಬಿಸಿ ಪ್ರೆಟ್ಜೆಲ್ ಕೊಡಿಸಿ ಕೂರಿಸಿದ್ದಾಯಿತು. ಅಷ್ಟರಲ್ಲಿ ಬೂಟಿನಂಗಡಿಯ ಹೋಮರ್ ಬಾಗಿಲಲ್ಲಿ ನಿಂತು ಕೈಬೀಸಿದ.

"ಅಣ್ಣಾ, ಒಂದ್ನಿಮಿಷ ಷಟರ್ ಎಳೀತೀಯಾ?"

"ಕಡೇ ದಿನ ಕಣಪ್ಪಾ. ಒಂದು ಜೊತೆನಾದ್ರೂ ಮಾರದೆ ಹೆಂಗೆ ಎಳೀಲಿ?"

ಆರ್ಲೋ ಕೆಂಪು ಕೌಬಾಯ್ ಬೂಟು ಕೊಂಡು ಹಾಕಿಕೊಂಡ. ಅದನ್ನು ಕಂಡ ವಿಗ್ಗಿನಂಗಡಿಯ ಗ್ಲೆಂಡಾ, "ನನ್ ಅಂಗಡಿ ದೀಪಾನೂ ಆರಿಸ್ಬೇಕೇನಪ್ಪಾ?" ಎಂದು ಚಿನ್ನದ ಬಣ್ಣದ ಗುಂಗುರು ವಿಗ್ಗನ್ನು ಅವನ ತಲೆಗೇ ಕೂರಿಸಿದಳು. ಬಾಗಿಲು ತೆರೆದಿದ್ದ ಅಂಗಡಿಗಳೆಲ್ಲ ಹೀಗೇ ಒಂದೊಂದಾಗಿ ಮುಚ್ಚಿದವು. ಅವನ ಕೈಯ ಚೀಲಗಳು ಒಂದೊಂದಾಗಿ ಹೆಚ್ಚಿದವು. ಸಂಜೆಯ ಹೊತ್ತಿಗೆ ಆರ್ಲೋ ಕ್ರಿಸ್‌ಮಸ್ ಮರವೇ ಎದ್ದು ನಡೆದಂತೆ ಕಾಣುತ್ತಿದ್ದ.

ಕೊನೆಗೆ ಎಲ್ಲರೂ ಕಂಬಗಳ ಹಿಂದೆ ಅವಿತರು. "ಉಸಿರೂ ಬಿಡಲ್ಲ, ತೆಗಿ ಮಗಾ!" ಎಂದು ಮ್ಯಾವಿಸ್ ಕೂಗಿದಳು. ಆರ್ಲೋ ಮನಸ್ಸಿನಲ್ಲೇ ದೇವರನ್ನು ನೆನೆದು ಗುಂಡಿ ಒತ್ತಿದ.

ಮೊಣಕೈ ಇಲ್ಲ, ಮೊಣಕಾಲಿಲ್ಲ. ಕಾರಂಜಿ, ತಾಳೆಮರ, ಅದರಾಚೆ ಮುಚ್ಚಿದ ದೊಡ್ಡ ಅಂಗಡಿಯ ಕಪ್ಪು ಗಾಜು. ಆ ಗಾಜಿನೊಳಗೆ ವಿಗ್ಗು, ಕೆಂಪು ಬೂಟು, ಎರಡೂ ತೋಳಿನ ತುಂಬ ಚೀಲ ಹೊತ್ತ ಮನುಷ್ಯನೊಬ್ಬ ಕ್ಯಾಮೆರಾ ಹಿಡಿದು ನಗುತ್ತಿದ್ದ.

ಬೀಗ ಹಿಡಿದು ಬಂದ ಡ್ವೇನ್ ಅವನ ಭುಜದ ಮೇಲಿಂದ ಇಣುಕಿದ. "ಗಿರಾಕಿ!" ಎಂದು ಚೀರಿದ. ಚಿತ್ರ ಆ ಕ್ಷಣವೇ ಯಜಮಾನರಿಗೆ ಹೋಯಿತು. ಮುಚ್ಚಬೇಡ ಎಂಬ ಉತ್ತರ ಬಂದದ್ದೇ ಡ್ವೇನ್ ಬೀಗವನ್ನು ಕಾರಂಜಿಯೊಳಗೆ ಎಸೆದ. ಆರಿಸಿದ್ದ ದೀಪಗಳೆಲ್ಲ ಮತ್ತೆ ಹತ್ತಿಕೊಂಡವು. ದೇವರು ಯಾರ ಕೈಯಿಂದ ಯಾವ ಕೆಲಸ ಮಾಡಿಸುತ್ತಾನೋ, ಮಾಡುವವನನ್ನು ಕೇಳುವುದಿಲ್ಲ.

ಆರ್ಲೋ ತಲೆತಗ್ಗಿಸಿ ಕಾರಿನತ್ತ ನಡೆದ. ಮ್ಯಾವಿಸ್ ಹಿಂದೆಯೇ ಬಂದಳು.

"ಬೇಜಾರ್ ಮಾಡ್ಕೋಬೇಡ ಕಣೋ. ಪಕ್ಕದ ಊರಿನ ಮಾಲು ನಾಳೆ ಮುಚ್ಚುತ್ತಂತೆ."

ಅವನ ಮುಖ ಅರಳಿತು. "ನಿಜವಾಗ್ಲೂ?"

"ಹೂಂ. ನಾವು ಮೂವರೂ ಬರ್ತೀವಿ."

ಅವನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಆರು ಮೊಣಕೈಗಳು ಸಾಲಾಗಿ ಕೂತಿದ್ದವು.