ಬಹ್ಗತ್ ಮೇಷ್ಟ್ರಿಗೆ ಸ್ಟೀರಾಯ್ಡ್

ಬೆಳಿಗ್ಗೆ ಏಳಕ್ಕೆ ಡಾಕ್ಟರ್ ಲುತ್ಫಿ ಚೀಟಿಯಲ್ಲಿ ಒಂದೇ ಒಂದು ಸಾಲು ಬರೆದ: ಹೈಡ್ರೋಕಾರ್ಟಿಸೋನ್ ಸ್ಟೀರಾಯ್ಡ್, ಆರು ಗಂಟೆಗೊಮ್ಮೆ. ಓದಿದ ನರ್ಸ್ ರತೀಬಾ ಹಾವು ತುಳಿದವಳಂತೆ ಹಿಂದೆ ಸರಿದಳು.

"ಯಾರಿಗೆ ಡಾಕ್ಟ್ರೇ? ಬಹ್ಗತ್ ಮೇಷ್ಟ್ರಿಗಾ? ಎಚ್ಚರ ಆದ್ಮೇಲೆ ನಿಮ್ಮನ್ನ ಹುರಿದು ತಿಂತಾರೆ!"

"ಮೊದ್ಲು ಎಚ್ಚರ ಆಗ್ಲಿ."

ಅಲೆಕ್ಸಾಂಡ್ರಿಯಾದ ಆ ಆಸ್ಪತ್ರೆಯ ತೀವ್ರ ನಿಗಾ ಘಟಕವನ್ನು ಬಹ್ಗತ್ ಮೇಷ್ಟ್ರು ಮುಖ್ಯ ವೈದ್ಯರಾಗಿ ಮೂವತ್ತು ವರ್ಷ ಆಳಿದ್ದರು. ಅವರು ನಿವೃತ್ತರಾಗಿ ಆರು ತಿಂಗಳಾಗಿತ್ತು. ಅಲ್ಲಿನ ವೈದ್ಯರಿಗೆ ಉಂಡದ್ದು ಮೈಗೆ ಹತ್ತತೊಡಗಿದ್ದೂ ಆಗಿನಿಂದಲೇ. "ಸ್ಟೀರಾಯ್ಡ್ ಅನ್ನೋದು ಸೋಮಾರಿ ಡಾಕ್ಟರ ತಾಯತ" ಎಂದು ಅವರು ಹೇಳದ ದಿನವಿರಲಿಲ್ಲ. ಈಗ ಮೂತ್ರದ ಸೋಂಕು ರಕ್ತಕ್ಕೇರಿ ಅದೇ ಘಟಕದಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರು. ಆಂಟಿಬಯಾಟಿಕ್ ಹಿಂದಿನ ದಿನದಿಂದಲೇ ಹೋಗುತ್ತಿತ್ತು. ರಕ್ತದೊತ್ತಡ ಏರಿಸುವ ಔಷಧಿಯನ್ನು ಎಷ್ಟು ಹೆಚ್ಚಿಸಿದರೂ ಒತ್ತಡ ತೂತು ಬಿದ್ದ ಕೊಡದ ನೀರಿನಂತೆ ಇಳಿಯುತ್ತಲೇ ಇತ್ತು. ಲುತ್ಫಿ ಹತ್ತು ವರ್ಷ ಅವರಿಂದ ಬೈಸಿಕೊಂಡ ಶಿಷ್ಯ. ಆದರೆ ಈ ಹೊತ್ತಿಗೆ ಏನು ಕೊಡಬೇಕೆಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಸುದ್ದಿ ಕೇಳಿ ಸರ್ಜನ್ ಷುಕ್ರಿ, ಬೇಯಿಸಿದ ಅವರೆ ತುಂಬಿದ ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿಬಂದ.

"ಲೋ ಲುತ್ಫಿ, ಸೋಂಕಿಗೆ ಸ್ಟೀರಾಯ್ಡ್ ಅಂದ್ರೆ ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ ಕಣೋ."

"ಬರೀ ಸೋಂಕಿಗಲ್ಲ. ಒತ್ತಡದ ಔಷಧಿ ಕೈ ಕೊಡ್ತಿದೆಯಲ್ಲ, ಅದಕ್ಕೆ."

"ಯೋಚನೆ ಮಾಡು. ಉಳಿದ್ರೆ ಅವ್ರು ನಿನ್ನ ಬಿಡಲ್ಲ, ಹೋದ್ರೆ ನಾವು ಬಿಡಲ್ಲ."

ಲುತ್ಫಿ ನೇರವಾಗಿ ಮೇಷ್ಟ್ರ ಹೆಂಡತಿ ಇನ್ಸಾಫರ ಬಳಿಗೆ ಹೋದ.

"ಅಮ್ಮಾ, ಮೇಷ್ಟ್ರಿಗೆ ಈ ಔಷಧಿ ಕಂಡ್ರೆ ಆಗಲ್ಲ. ಆದ್ರೆ ಬೇಕೇ ಬೇಕು."

"ಬೆಂಡೆಕಾಯಿ ಕಂಡ್ರೂ ಆಗಲ್ಲ. ನಲವತ್ತು ವರ್ಷದಿಂದ ತಿನ್ನಿಸ್ತಿಲ್ವಾ? ಕೊಡು ಮಗನೇ."

ಕೊಟ್ಟ. ಹತ್ತು ಗಂಟೆಗೆ ಸ್ಟೀರಾಯ್ಡಿನಿಂದ ಮೇಷ್ಟ್ರ ರಕ್ತದ ಸಕ್ಕರೆ ಏರಿತು. "ನಾನು ಹೇಳ್ಲಿಲ್ವಾ?" ಎಂದಳು ರತೀಬಾ. ಲುತ್ಫಿ ಇನ್ಸುಲಿನ್ ಹಾಕಿಸಿದ. ಷುಕ್ರಿ ಬಾಗಿಲಲ್ಲಿ ಇಣುಕಿ ಇಣುಕಿ ತಲೆಯಾಡಿಸಿದ. ಲುತ್ಫಿ ಊಟ ಬಿಟ್ಟು ಮಂಚದ ಪಕ್ಕದ ಸ್ಟೂಲಿಗೆ ಅಂಟಿಕೊಂಡ. ಮಧ್ಯಾಹ್ನದ ಹೊತ್ತಿಗೆ ಒತ್ತಡ ಇಳಿಯುವುದು ನಿಂತಿತು. ಸಂಜೆಗೆ ಒತ್ತಡದ ಔಷಧಿಯನ್ನು ಅರ್ಧಕ್ಕಿಳಿಸಿದರು. ಆಗ ಮಾತ್ರ ಅವನು ಸ್ಟೂಲಿನಿಂದೆದ್ದು ಊಟಕ್ಕೆ ಹೋದ.

ಮರುದಿನ ಬೆಳಿಗ್ಗೆ ಮೇಷ್ಟ್ರ ದನಿ ಮೆಟ್ಟಿಲವರೆಗೂ ಕೇಳುತ್ತಿತ್ತು. ಲುತ್ಫಿ, ಷುಕ್ರಿ ಒಳಗೆ ಹೋದರೆ ದಿಂಬಿಗೊರಗಿ ಕೂತಿದ್ದಾರೆ. ಒಂದು ಕೈಯಲ್ಲಿ ಬೇಳೆ ಸೂಪು, ಇನ್ನೊಂದರಲ್ಲಿ ಚೀಟಿ.

"ಯಾರು ಬರೆದದ್ದು ಇದನ್ನ?"

ಷುಕ್ರಿಯ ಬೆರಳು ಬಾಣದಂತೆ ಲುತ್ಫಿಯತ್ತ ಚಾಚಿತು.

"ನಾನೇ ಮೇಷ್ಟ್ರೇ. ಇವತ್ತೂ ಅದನ್ನೇ ಬರೀತೀನಿ."

ಮೇಷ್ಟ್ರು ಸೂಪು ಕೆಳಗಿಟ್ಟರು. "ಹತ್ತಿರ ಬಾ." ಹೋದ. ಕಿವಿ ಹಿಂಡುತ್ತಾರೆಂದುಕೊಂಡರೆ, ಹಣೆಗೆ ಮುತ್ತಿಟ್ಟರು. "ಒಬ್ಬ ರೋಗಿ ಬದುಕಿದ ಮಾತ್ರಕ್ಕೆ ಏನೂ ಸಾಬೀತಾಗಲ್ಲ. ಆದ್ರೆ ಆ ರೋಗಿ ನಾನು ನೋಡು! ನಾನು ಹಟ ಹಿಡಿದದ್ದು ತಪ್ಪಾಯ್ತು."

ಲುತ್ಫಿಯ ಕಣ್ಣು ತೇವವಾಯಿತು.

"ಎಂಥಾ ಹುಮ್ಮಸ್ಸು ಕಣಯ್ಯಾ! ಇಪ್ಪತ್ತು ವರ್ಷ ಚಿಕ್ಕವನಾದ ಹಾಗಿದೆ."

"ಅದು ಔಷಧಿಯ ಹುಮ್ಮಸ್ಸು ಮೇಷ್ಟ್ರೇ. ನಿಲ್ಲಿಸಿದ ಮೇಲೆ ಇಳಿಯುತ್ತೆ."

"ಇಳಿಯೋದ್ರೊಳಗೆ ಡೈರೆಕ್ಟರಿಗೆ ಫೋನ್ ಮಾಡ್ಬಿಟ್ಟೆ. ಮುಂದಿನ ತಿಂಗಳಿಂದ ವಾಪಸ್ ಬರ್ತೀನಿ. ಬೆಳಿಗ್ಗೆ ಐದಕ್ಕೆ ರೌಂಡ್ಸ್, ಶುಕ್ರವಾರವೂ ರಜೆ ಇಲ್ಲ. ಜತೆಗೆ ಬೇರೆ ಯಾರೂ ಬೇಡ, ನೀನೊಬ್ಬ ಸಾಕು."

ಲುತ್ಫಿ ಗೋಡೆ ಹಿಡಿದುಕೊಂಡ. ಮಂಚದ ಪಕ್ಕದಲ್ಲಿದ್ದ ಇನ್ಸಾಫಮ್ಮ ಮಾತ್ರ ಆಕಾಶಕ್ಕೆ ಕೈಯೆತ್ತಿದರು.

"ದೇವರು ನಿನ್ನ ನೂರು ವರ್ಷ ಇಟ್ಟಿರ್ಲಿ ಮಗನೇ! ಆರು ತಿಂಗಳಿಂದ ಇಡೀ ದಿನ ಮನೇಲಿ ಇವರನ್ನ ಹೇಗೆ ತಡ್ಕೊಂಡಿದ್ದೀನೋ, ನನಗೇ ಗೊತ್ತು."