ಮರಕ್ಕೆ ಗೆದ್ದಲು, ಮನೆಗೆ?

ಇದನ್ನು ಬರೆಯಬೇಕೆಂದು ಕುಳಿತಾಗಲೆಲ್ಲ ನನಗೆ ಬೇರೊಂದು ತುರ್ತು ಕೆಲಸ ನೆನಪಾಗುತ್ತದೆ. ಕನ್ನಡಕ ಒರೆಸಬೇಕು, ಕೊಡೆಯ ಕಡ್ಡಿ ರಿಪೇರಿ ಮಾಡಿಸಬೇಕು, ಗಾಂಧಿ ಬಜಾರಿಗೆ ಹೋಗಿ ನಿಂಬೆಹಣ್ಣು ತರಬೇಕು. ಹೀಗೆ ಮುಂದೂಡುತ್ತ ಬಂದು ಮನೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ನಿಂಬೆಹಣ್ಣು ಸೇರಿಕೊಂಡಿವೆ, ಬರವಣಿಗೆ ಮಾತ್ರ ಒಂದು ಸಾಲೂ ಆಗಿಲ್ಲ. ಇವತ್ತು ನನ್ನ ಹೆಂಡತಿ, "ರೀ, ಇನ್ನೊಂದ್ ಸಲ ನಿಂಬೆಹಣ್ಣು ತಂದ್ರೆ ನಿಮ್ಮನ್ನೇ ಉಪ್ಪಿನಕಾಯಿ ಹಾಕ್ಬಿಡ್ತೀನಿ" ಎಂದದ್ದರಿಂದ ಬೇರೆ ದಾರಿ ಕಾಣದೆ ಕುಳಿತಿದ್ದೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಕಾಟನ್‌ಪೇಟೆಯ ಸಗಟು ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತನಾಗಿ ಕೂದಲು ಬೆಳ್ಳಗೆ ಮಾಡಿಕೊಂಡವನು. ನನ್ನ ಅಣ್ಣನಿಗೆ ಎರಡು ಡಿಗ್ರಿ, ಬ್ಯಾಂಕಿನಲ್ಲಿ ದೊಡ್ಡ ಕೆಲಸ, ಕುಮಾರ ಪಾರ್ಕಿನಲ್ಲಿ ಸ್ವಂತ ಮನೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಬುದ್ಧಿ ಯಾರಿಗೆ ಹೆಚ್ಚು ಎಂದು ಊರಿಗೆಲ್ಲ ಗೊತ್ತಿತ್ತು, ನನಗೊಬ್ಬನಿಗೆ ಸಂಶಯವಿತ್ತು. ಈ ಸಂಶಯಕ್ಕೆ ಗೊಬ್ಬರ ಹಾಕಿದ್ದು ಸ್ಪರ್ಧಾ ಪರೀಕ್ಷೆಯ ಗೈಡುಗಳಲ್ಲಿ ಬರುವ ಸಂಬಂಧದ ಪ್ರಶ್ನೆಗಳು. ಹಕ್ಕಿಗೆ ಗೂಡು, ಹುಲಿಗೆ ಏನು? ಬಾಯಾರಿಕೆಗೆ ನೀರು, ಹಸಿವಿಗೆ ಏನು? ಇಂಥವಕ್ಕೆ ಉತ್ತರ ಹೇಳಲು ಡಿಗ್ರಿ ಬೇಕಿಲ್ಲ, ತಲೆ ಇದ್ದರೆ ಸಾಕು. ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಹಳೆಯ ಗೈಡೊಂದನ್ನು ಬಿಡಿಸಿ ಬಿಡಿಸಿ ನಾನು ಈ ವಿದ್ಯೆಯಲ್ಲಿ ಪಂಡಿತನಾದೆ. ನನ್ನ ಪಾಂಡಿತ್ಯ ಯಾರಿಗೂ ಬೇಕಾಗಿರಲಿಲ್ಲ ಎಂಬುದೊಂದೇ ಕೊರತೆ.

ಆ ಕೊರತೆಯನ್ನು ತುಂಬಲು ನನ್ನ ನಾದಿನಿ ಬಂದಳು. ನನ್ನ ಹೆಂಡತಿಯ ತಂಗಿ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುತ್ತ ಮದುವೆಯ ವಯಸ್ಸನ್ನು ಪೂರ್ತಿ, ನೌಕರಿಯ ವಯಸ್ಸನ್ನು ಬಹುಪಾಲು ಕಳೆದುಕೊಂಡಿದ್ದಳು. ತಾಯಿ ಹೋದ ಮೇಲೆ ಬಸವನಗುಡಿಯ ನಮ್ಮ ಬಾಡಿಗೆ ಮನೆಗೆ ಒಂದು ಟ್ರಂಕು ಹಿಡಿದು ಬಂದಳು. ತೊಂಬತ್ತರ ದಶಕದ ನಡುವಿನ ಮಾತು. ಆ ವರ್ಷದ ಸರ್ಕಾರಿ ಗುಮಾಸ್ತರ ಪರೀಕ್ಷೆಗೆ ಅರ್ಜಿ ಹಾಕಿದ್ದಳು. ಮುಂದಿನ ಸಲ ಪರೀಕ್ಷೆ ಕರೆಯುವಷ್ಟರಲ್ಲಿ ಅವಳ ವಯಸ್ಸು ಮಿತಿ ದಾಟಿರುತ್ತಿತ್ತು. ಅಂದರೆ ಇದು ಅವಳ ಮೊದಲ ಪರೀಕ್ಷೆ ಮತ್ತು ಕೊನೆಯದು.

ಸಂಜೆ ಅಂಗಡಿಯಿಂದ ಬಂದವನೇ ಕೈಕಾಲು ತೊಳೆದು ಮೇಷ್ಟ್ರಾಗುತ್ತಿದ್ದೆ. ನನ್ನದೊಂದು ವಿಧಾನವಿತ್ತು. ಎರಡು ಪದ ಕೊಟ್ಟರೆ ಮೊದಲು ಅವುಗಳನ್ನು ಸೇರಿಸಿ ಒಂದು ವಾಕ್ಯ ಮಾಡಬೇಕು. ಯಾವುದು ಯಾವುದಕ್ಕೆ ಏನು ಮಾಡುತ್ತದೆ ಎಂದು ಸ್ಪಷ್ಟವಾಗಿ ಹೇಳಬೇಕು. ಗೆದ್ದಲು ಮರವನ್ನು ತಿನ್ನುತ್ತದೆ, ಮರ ಗೆದ್ದಲನ್ನು ತಿನ್ನುವುದಿಲ್ಲ. ಹಿಂದುಮುಂದಾದರೆ ಉತ್ತರ ತಪ್ಪು. ಅವಳು ಬೇಗ ಕಲಿತಳು, ಆದರೆ ತರಲೆ. "ಕೈಗೆ ಬಳೆ, ಕಾಲಿಗೆ?" ಎಂದರೆ ಗೆಜ್ಜೆ ಎನ್ನದೆ ಚಪ್ಪಲಿ ಎನ್ನುವಳು.

"ಬಳೆ ಆಭರಣ ಕಣಮ್ಮಾ. ಚಪ್ಪಲಿ ಆಭರಣನಾ?"

"ನಾನ್ಯಾವತ್ತು ಗೆಜ್ಜೆ ಕಟ್ಕೊಂಡಿದೀನಿ ಭಾವ? ನನ್ ಕಾಲಿಗೆ ಗೊತ್ತಿರೋದು ಚಪ್ಪಲಿ ಒಂದೇ."

"ಪರೀಕ್ಷೆ ತಿದ್ದೋರಿಗೆ ನಿನ್ನ ಕಾಲಿನ ಕಥೆ ಬೇಡ. ದರ್ಜಿಗೆ ಸೂಜಿ, ಬಡಗಿಗೆ?"

"ಉಳಿ. ನಿಮಗೆ ಬಾಯಿ."

ಒಳಗಿನಿಂದ ನನ್ನ ಹೆಂಡತಿ ನಗುವುದು ಕೇಳಿಸುತ್ತಿತ್ತು. ನಿಜ ಹೇಳಬೇಕೆಂದರೆ, ಆ ಮನೆಯಲ್ಲಿ ಅಷ್ಟು ನಗು ಅದಕ್ಕೆ ಮೊದಲು ಇರಲಿಲ್ಲ, ಆಮೇಲೂ ಬರಲಿಲ್ಲ.

ಪರೀಕ್ಷೆ ಹತ್ತಿರವಾಗಿತ್ತು. ಒಂದು ಭಾನುವಾರ ಅಣ್ಣ ಅತ್ತಿಗೆ ಊಟಕ್ಕೆ ಬಂದರು. ಎಲೆ ಹಾಕಿ ಕುಳಿತಿದ್ದೆವು. ನಾದಿನಿ ಹುಳಿ ಬಡಿಸುತ್ತಿದ್ದಳು. ಅಣ್ಣ ಅವಳನ್ನು ಓದಿನ ಬಗ್ಗೆ ವಿಚಾರಿಸಿದ. ಭಾವನೇ ಹೇಳಿಕೊಡುತ್ತಾರೆ ಎಂದಳು.

"ಇವನಾ!" ಅಣ್ಣ ನನ್ನತ್ತ ಬೆರಳು ತೋರಿಸಿದ. "ಎಸ್ಸೆಸ್ಸೆಲ್ಸಿಲಿ ಗಣಿತಾನ ಎರಡು ಸಲ ಕಟ್ಟಿದ ಮಹಾನುಭಾವ ಇವನು. ಹುಷಾರಮ್ಮಾ!"

ಅತ್ತಿಗೆ ನಕ್ಕರು. ನಾನು ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿದೆ. "ಇದು ಗಣಿತ ಅಲ್ಲಣ್ಣ, ತಲೆ" ಎಂದೆ. "ನೀನೇ ಹೇಳು ನೋಡೋಣ. ಕಬ್ಬಿಣಕ್ಕೆ ತುಕ್ಕು, ಮರಕ್ಕೆ?"

"ಗೆದ್ದಲು."

"ಅಕ್ಕಿಗೆ?"

"ನುಸಿ."

"ಮನೆಗೆ?"

ಅಣ್ಣ ಕಲಸುತ್ತಿದ್ದ ಕೈ ನಿಲ್ಲಿಸಿ ಯೋಚಿಸಿದ. ಎರಡು ಡಿಗ್ರಿಯ ಅಣ್ಣ ನನ್ನ ಮುಂದೆ ಉತ್ತರ ತೋಚದೆ ಕುಳಿತದ್ದು ನನ್ನ ಜೀವಮಾನದಲ್ಲಿ ಅದೊಂದೇ ಗಳಿಗೆ. ಅದನ್ನು ವ್ಯರ್ಥ ಮಾಡಲು ನನಗೆ ಮನಸ್ಸಾಗಲಿಲ್ಲ.

"ನಾದಿನಿ!" ಎಂದೆ.

ಅಣ್ಣ ಬಿಕ್ಕಳಿಕೆ ಬರುವಷ್ಟು ನಕ್ಕ. ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ನಾದಿನಿಯೂ ನಕ್ಕಳು. "ಸರಿಯಾದ ಉತ್ತರ ಭಾವ" ಎಂದು ನನ್ನ ಎಲೆಗೆ ಇನ್ನೊಂದು ಸೌಟು ಹುಳಿ ಬಡಿಸಿದಳು. ನಾನು ಅದನ್ನು ಕಲಸಿಕೊಂಡು ಉಂಡೆ.

ಅದೇ ವಾರ ಅವಳು ಚಾಮರಾಜಪೇಟೆಯ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಅಡಿಗೆ ಕೆಲಸಕ್ಕೆ ಒಪ್ಪಿಕೊಂಡು ಬಂದಳು. ಇರಲು ಅಲ್ಲೇ ಒಂದು ಕೋಣೆ, ಊಟವೂ ಅಲ್ಲೇ. "ಪರೀಕ್ಷೆ ಹತ್ರ ಬಂತಲ್ಲ" ಎಂದೆ. "ಅಲ್ಲೇ ಓದ್ಕೋತೀನಿ ಭಾವ" ಎಂದಳು. ನಂಬಿದೆ. ನಂಬುವುದರಲ್ಲಿ ನನಗೆ ಖರ್ಚಿರಲಿಲ್ಲ. ಅವಳ ಟ್ರಂಕನ್ನು ನಾನೇ ಆಟೋಗೆ ಏರಿಸಿದೆ, ಅವಳ ಪರವಾಗಿ ಆಟೋದವನ ಜೊತೆ ಜಗಳವಾಡಿ ಬಾಡಿಗೆಯನ್ನೂ ಇಳಿಸಿದೆ. ಒಳ್ಳೆಯ ಭಾವ ಅನ್ನಿಸಿಕೊಂಡೆನೆಂದು ಸಮಾಧಾನಪಟ್ಟೆ.

ಮಾರನೆಯ ಬೆಳಿಗ್ಗೆ ಕಾಫಿ ಬರಲಿಲ್ಲ. ಸ್ನಾನಕ್ಕೆ ನೀರು ತುಂಬಿರಲಿಲ್ಲ. ನನ್ನ ಅಂಗಿ ಒಗೆದಿರಲಿಲ್ಲ. ಹೆಂಡತಿಗೆ ಆಗಲೇ ಮಂಡಿನೋವು, ಅವಳು ಗೋಡೆ ಹಿಡಿದು ಓಡಾಡುತ್ತಿದ್ದಳು. ಇಷ್ಟು ದಿನ ಈ ಮನೆಯನ್ನು ಹೊತ್ತು ನಿಂತವರು ಯಾರು, ಕುಳಿತು ತಿಂದವರು ಯಾರು ಎಂದು ಆಗ ಒಂದು ವಾಕ್ಯ ಮಾಡಿ ನೋಡಿದೆ. ನಾದಿನಿ ಮನೆಯನ್ನು ತಿನ್ನುತ್ತಾಳೆ. ವಾಕ್ಯ ನಿಲ್ಲಲಿಲ್ಲ. ಅವಳಿಗೆ ದಿನವೂ ಹೇಳಿಕೊಟ್ಟ ಪಾಠದಲ್ಲಿ ನಾನೇ ಫೇಲಾಗಿದ್ದೆ. ಪದಗಳು ಹಿಂದುಮುಂದಾಗಿದ್ದವು.

ಹೆಂಡತಿ ಹೇಳದಿದ್ದರೂ ಕ್ಷಮೆ ಕೇಳಬೇಕೆಂದು ನನಗೇ ಅನ್ನಿಸಿ ಹಾಸ್ಟೆಲಿಗೆ ಹೋದೆ. ಹೋಗಲು ಮಾತ್ರ ಕೆಲವು ವಾರ ಹಿಡಿಯಿತು. ಅವಳು ಸೆರಗಿನಲ್ಲಿ ಕೈ ಒರೆಸುತ್ತ ಹೊರಗೆ ಬಂದಳು. ದಾರಿಯುದ್ದಕ್ಕೂ ಉರು ಹೊಡೆದಿದ್ದ ಮಾತನ್ನು ಬಿಟ್ಟು, "ಪರೀಕ್ಷೆ ಯಾವತ್ತು?" ಎಂದೆ.

"ಆಯ್ತಲ್ಲ ಭಾವ, ಹೋದ ಭಾನುವಾರ."

"ಹೇಗ್ ಬರ್ದೆ?"

"ಎಲ್ಲಿ ಬರೆಯೋದು? ಭಾನುವಾರ ಇಲ್ಲಿ ಹುಡುಗೀರಿಗೆಲ್ಲ ಹಬ್ಬದ ಅಡಿಗೆ. ಹೊಸಬಳಿಗೆ ರಜಾ ಕೊಡಲ್ಲ ಅಂದ್ರು."

"ಒಂದ್ ಮಾತು ನನಗೆ ಹೇಳ್ಬಾರ್ದಾ?"

"ಹೇಳಿದ್ರೆ ಏನ್ ಮಾಡ್ತಿದ್ರಿ? ಬಂದು ಹೋಳಿಗೆ ತಟ್ತಿದ್ರಾ?" ಎಂದು ನಕ್ಕಳು. ಹಳೆಯ ತರಲೆ ನಗುವೇ. ನಾನು ಧೈರ್ಯ ತಂದುಕೊಂಡು, ಇಡೀ ಸಂಸಾರದಲ್ಲಿ ನಾನೊಬ್ಬನೇ ಹೇಳಬಹುದಾದ ಮಾತನ್ನು ಹೇಳಿದೆ: "ಹೋಗ್ಲಿ ಬಿಡು, ಮುಂದಿನ ಸಲ ಬರೆಯುವೆಯಂತೆ."

ಅವಳು ನಗು ನಿಲ್ಲಿಸಿದಳು. "ಕಾಫಿ ಕುಡೀರಿ" ಎಂದು ಒಳಗೆ ಹೋದಳು. ಕಾಫಿ ಚೆನ್ನಾಗಿತ್ತು. ಕುಡಿದು ಬಂದುಬಿಟ್ಟೆ.

ಆಮೇಲೆ ಹತ್ತಾರು ವರ್ಷ ಅವಳು ಆ ಒಲೆಯ ಮುಂದೆಯೇ ಇದ್ದಳು. ಹಬ್ಬಕ್ಕೆ ಬರುವಳು, ಅಕ್ಕನ ಮಂಡಿಗೆ ಎಣ್ಣೆ ತಿಕ್ಕುವಳು, ನನ್ನನ್ನು ಭಾವ ಎಂದೇ ಮಾತಾಡಿಸುವಳು. ಪ್ರತಿ ಸಲವೂ ಇವತ್ತು ಹೇಳಿಬಿಡಬೇಕು ಎಂದುಕೊಳ್ಳುವೆ, ಅಷ್ಟರಲ್ಲಿ ಯಾರಾದರೂ ಬರುವರು. ಯಾರೂ ಬರದಿದ್ದರೆ ನಾನೇ ಎದ್ದು ಹೋಗುವೆ. ಹೋದ ವರ್ಷ ಎದೆನೋವೆಂದು ಆಸ್ಪತ್ರೆಗೆ ಸೇರಿದವಳು ತಿರುಗಿ ಬರಲಿಲ್ಲ.

ವೈಕುಂಠ ಸಮಾರಾಧನೆಯ ದಿನ ಊಟವಾದ ಮೇಲೆ, ಹಾಸ್ಟೆಲಿನ ಹಳೆಯ ಹುಡುಗಿಯರು ಬಂದಿದ್ದಾರೆ, ಅವರ ಮುಂದೆ ಹಿರಿಯರು ಎರಡು ಮಾತಾಡಲಿ ಎಂದರು. ಮಾತಾಡಲು ನಾನು ಯಾವತ್ತೂ ಹಿಂದೆ ಬಿದ್ದವನಲ್ಲ. ಎದ್ದು ನಿಂತು, "ಬಹಳ ಬುದ್ಧಿವಂತೆ. ಪರೀಕ್ಷೆ ಬರೆದಿದ್ರೆ ಸರ್ಕಾರಿ ಆಫೀಸಲ್ಲಿ ಎಲ್ಲೋ ಇರ್ತಿದ್ಲು. ಯಾಕೋ ಬರೀಲಿಲ್ಲ" ಎಂದೆ. ಎಲ್ಲರೂ ಅಯ್ಯೋ ಪಾಪ ಎಂದು ತಲೆಯಾಡಿಸಿದರು. ನನ್ನ ಹೆಂಡತಿ ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದಳು.

ಆ ಸಭೆಯವರು ಯಾರಾದರೂ ಇದನ್ನು ಓದಿದರೆ, 'ಯಾಕೋ' ಎಂಬ ಒಂದು ಪದವನ್ನು ದಯವಿಟ್ಟು ಹೊಡೆದುಹಾಕಬೇಕು. ಯಾಕೆಂದು ನನಗೆ ಗೊತ್ತಿತ್ತು, ನನ್ನ ನಾದಿನಿಗೆ ಗೊತ್ತಿತ್ತು. ನಾನು ಕ್ಷಮೆ ಕೇಳದೆ ಉಳಿದದ್ದು ಅವಳೊಬ್ಬಳ ಹತ್ತಿರ. ಅವಳ ಹೆಸರು ಸುಮಿತ್ರಾ.