ಚೀಟಿ ಎತ್ತಿದರು, ನಮ್ಮ ಮನೆಗೇ ಬಂತು

ನನ್ನ ಮುತ್ತಜ್ಜ ಮನುವೆಲ್ ಫುರ್ತಾದೊ ಕಡಲಾಚೆಯ ನಮ್ಮ ಪೀಕೊ ದ್ವೀಪದಲ್ಲಿ, ಓಲಾಡುವ ದೋಣಿಯಲ್ಲಿ ನಿಂತು ತಿಮಿಂಗಿಲಕ್ಕೆ ಈಟಿ ಎಸೆದವನು. ಅಜ್ಜ ಅಮಾರೊ ಬೆಂಕಿಬೆಟ್ಟದ ಕರಿಗಲ್ಲಿನ ಸಂದಿಯಲ್ಲಿ ದ್ರಾಕ್ಷಿ ಬೆಳೆದವನು. ಅಪ್ಪ ಜಸಿಂತೊ ಮ್ಯಾಸಚೂಸೆಟ್ಸಿನ ಕಡಲಿಗಿಳಿದು, ಬಿರುಗಾಳಿಗೆ ಸಿಕ್ಕಿ ಸತ್ತನೆಂದು ಎರಡು ಸಲ ಸುದ್ದಿಯಾಗಿ, ಎರಡು ಸಲವೂ ತನ್ನದೇ ಸಾವಿನೂಟಕ್ಕೆ ಸರಿಯಾಗಿ ಮನೆ ಸೇರಿದವನು. ಇಂಥ ವೀರವಂಶದ ಕುಡಿ, ಶಾಲೆಯ ಹಂಗಿಲ್ಲದೆ ಓದು ಕಲಿತ ಈ ಇಲೀದಿಯೊ ಫುರ್ತಾದೊ, ಒಂದು ಟೋಪಿಯ ಮುಂದೆ ಸೋತು ಕೂತಿದ್ದೆ.

ಇಲ್ಲಿಗೆ ವಲಸೆ ಬಂದ ನಮ್ಮ ದ್ವೀಪದವರ ಪವಿತ್ರಾತ್ಮನ ಹಬ್ಬಕ್ಕೆ ಮನೆ ಯಜಮಾನರ ಹೆಸರನ್ನೆಲ್ಲ ಟೋಪಿಯಲ್ಲಿ ಹಾಕಿ ಚೀಟಿ ಎತ್ತುತ್ತಾರೆ. ಹೆಸರು ಬಂದವನ ಮನೆಯಲ್ಲಿ ವಾರವಿಡೀ ಹಬ್ಬದ ಬೆಳ್ಳಿ ಕಿರೀಟ ಇಡುತ್ತಾರೆ. ಅವನು ಊರಿಗೆಲ್ಲ ಸಿಹಿ ರೊಟ್ಟಿ ಹಂಚಿ ಮೀಸೆ ತಿರುವುತ್ತಾನೆ. ನನ್ನ ಭಾವಮೈದ ಬೆಲ್ಮೀರೊನಿಗೆ ಆ ಭಾಗ್ಯ ಮೂರು ಸಲ ಬಂದಿದೆ. ನನಗೆ ಒಮ್ಮೆಯೂ ಇಲ್ಲ. (ಆ ಟೋಪಿ ಅವನದೇ. ನಾನೇನೂ ಹೇಳುವುದಿಲ್ಲ.)

ಹೀಗಿರುವಾಗ ನ್ಯಾಯಾಲಯದಿಂದ ಲಕೋಟೆ ಬಂತು. ಚೀಟಿ ಎತ್ತಿದಂತೆ ಹೆಸರು ಆರಿಸಿದ್ದೇವೆ, ಮೊಕದ್ದಮೆ ಕೇಳಿ ತೀರ್ಪು ಹೇಳುವ ಜ್ಯೂರಿ ಕೆಲಸಕ್ಕೆ ಬನ್ನಿ ಎಂದಿತ್ತು. ಹೆಸರು ನೋಡುತ್ತಲೇ ಕಣ್ಣು ತುಂಬಿ ಅಕ್ಷರಗಳು ಈಜತೊಡಗಿದವು.

"ಲೇ ಇವಳೇ, ಜ್ಯೂರಿ ಚೀಟೀಲಿ ನನ್ನ ಹೆಸರು ಬಂತು ಕಣೇ!"

ನನ್ನ ಹೆಂಡತಿ ಇಲೀದಿಯಾ (ಮದುವೆಯ ದಿನ ಪಾದ್ರಿಯವರು "ಒಂದೇ ಹೆಸರನ್ನ ಎರಡು ಸಲ ಯಾಕ್ರಯ್ಯ ಹೇಳಿಸ್ತೀರಿ?" ಎಂದು ಗದರಿದ್ದರು) ಒಲೆಯಿಂದ ತಿರುಗಲೂ ಇಲ್ಲ.

"ಅದಕ್ಕೆ ಪ್ರಜೆಗಳನ್ನೇ ಕರೆಯೋದು. ನೀವೆಲ್ಲಿ ಈ ದೇಶದ ಪ್ರಜೆ? ಹಸಿರು ಕಾರ್ಡಿನ ಗಿರಾಕಿ! ನಾನು ಪೌರತ್ವ ತಗೊಂಡಾಗ ನೀವೂ ತಗೊಳ್ಳಿ ಅಂತ ಬಡ್ಕೊಂಡೆ. 'ಪರೀಕ್ಷೆಗೆ ಕೂರೋಕೆ ನಾನೇನು ಚಡ್ಡಿ ಹುಡುಗನಾ' ಅಂದ್ರಿ. ಆಗಲ್ಲ ಅಂತ ಬರೆದುಬಿಡಿ. ಎಲ್ಲಿ, ಕೊಡಿ ಅದನ್ನ."

"ಎತ್ತಿದ ಚೀಟಿ ಬೇಡ ಅನ್ನೋದಾ? ಪವಿತ್ರಾತ್ಮನಿಗೇ ಬೆನ್ನು ತೋರಿಸ್ದಂಗೆ!"

"ಪವಿತ್ರಾತ್ಮ ಕಾರು ಗುದ್ದಿದ ಜಗಳ ತೀರಿಸಲ್ಲ."

ಲಕೋಟೆಯನ್ನು ಒಳಜೇಬಿಗೆ ತುರುಕಿ ನಮ್ಮವರ ಕ್ಲಬ್ಬಿಗೆ ಹೋಗಿ ಡಂಗುರ ಸಾರಿದೆ. ಬೆಲ್ಮೀರೊನ ಮುಖ ಉಪ್ಪುಹಚ್ಚಿದ ಮೀನಿನಂತೆ ಒಣಗಿತು.

"ನಿನ್ ಹೆಸರು ಹೆಂಗ್ ಬಂತು ಭಾವ?"

"ಅಲ್ಲಿ ಯಾರೂ ಟೋಪಿ ಹಾಕಲ್ಲ ಕಣೋ, ಅದಕ್ಕೇ ಬಂತು."

ಹಾಜರಾಗಬೇಕಾದ ದಿನ ಮದುವೆಯ ಕೋಟನ್ನು ಉಸಿರು ಬಿಗಿಹಿಡಿದು ತೊಟ್ಟೆ. ಜತೆ ಜ್ಯೂರಿಗಳಿಗೆ ಹಂಚಲು ಗಾಡಿಚಕ್ರದಷ್ಟು ಸಿಹಿ ರೊಟ್ಟಿ ಕಂಕುಳಲ್ಲಿ. ಕಾರು ಓಡಿಸಿದವಳು ಹೆಂಡತಿ. ದಾರಿಯುದ್ದಕ್ಕೂ ಗೊಣಗಿದವಳೂ ಅವಳೇ.

ನ್ಯಾಯಾಲಯದ ಕಿಟಕಿಯ ಹಿಂದಿನ ಹುಡುಗಿ ಕಾಗದ ನೋಡಿದಳು. "ಇಲೀದಿಯಾ ಫುರ್ತಾದೊ?"

"ಇಲೀದಿಯೊ, ಮಗಳೇ. ಕೊನೇ ಅಕ್ಷರ ಕೆಡಿಸೋದು ನಿಮ್ಮೋರ ಚಾಳಿ."

"ಕೆಡಿಸಿಲ್ಲ ಅಜ್ಜ, ಇಲ್ಲಿರೋದೇ ಇಲೀದಿಯಾ. ನೀವು ಈ ದೇಶದ ಪ್ರಜೆನಾ?"

"ನಲವತ್ತು ವರ್ಷದಿಂದ ಇಲ್ಲೇ ಮೀನು ಹಿಡೀತಿದೀನಿ!"

"ಮೀನಿನ ವಿಷಯ ಕೇಳ್ಲಿಲ್ಲ." ನನ್ನ ಗುರುತಿನ ಚೀಟಿಯನ್ನು ತಿರುಗಿಸಿ ನೋಡಿದಳು. "ಇದರಲ್ಲಿ ವಿಳಾಸಾನೂ ಬೇರೆ ಇದೆಯಲ್ಲ?"

ಅದು ಬೆಲ್ಮೀರೊನ ಮನೆಯ ಅಟ್ಟ. ಬಾಡಿಗೆಗಿದ್ದ ಆ ಗೂಡು ಬಿಟ್ಟು ಆರು ವರ್ಷವಾಗಿತ್ತು.

"ಹಸಿರು ಕಾರ್ಡಿನವರು ಮನೆ ಬದಲಿಸಿದ್ರೆ ಹತ್ತು ದಿನದೊಳಗೆ ಸರ್ಕಾರಕ್ಕೆ ತಿಳಿಸ್ಬೇಕು ಅಜ್ಜ. ತಿಳಿಸಿದ್ರಾ?"

ನಾನು ರೊಟ್ಟಿಯನ್ನೇ ದಿಟ್ಟಿಸಿದೆ. ಹೆಂಡತಿ ಬಾಯಿಗೆ ಸೆರಗಿಲ್ಲದ್ದರಿಂದ ಕೈಚೀಲ ಅಡ್ಡ ಹಿಡಿದು ನಕ್ಕಳು. "ಅಂದ್ರೆ ಲೆಕ್ಕದ ಪ್ರಕಾರ ನಾನು ಆರು ವರ್ಷದಿಂದ ಒಂಟಿಯಾಗಿ ಸುಖವಾಗಿದೀನಿ. ಇವರಿನ್ನೂ ನನ್ನ ತಮ್ಮನ ಅಟ್ಟದಲ್ಲೇ ಇದಾರೆ!"

ಆಮೇಲೆ ಟೋಪಿ ಸರಿಮಾಡಿಕೊಂಡು (ಅವಳದೂ ಒಂದು ಟೋಪಿಯಿತ್ತು!) ಕಾಗದವನ್ನೂ ರೊಟ್ಟಿಯನ್ನೂ ನನ್ನ ಕೈಯಿಂದ ಕಿತ್ತುಕೊಂಡಳು. ಜ್ಯೂರಿ ಕೋಣೆಯ ಬಾಗಿಲಲ್ಲಿ ಕಿರೀಟ ಹೊತ್ತ ರಾಣಿಯಂತೆ ತಿರುಗಿದಳು.

"ಸಂಜೆಗೆ ಸೊಪ್ಪಿನ ಸಾರು ಮಾಡಿಡಿ. ಕಾರಿನ ಕೀ ನನ್ನತ್ರಾನೇ ಇರ್ಲಿ, ನಿಮಗೆ ಓಡಿಸೋಕೆ ಬರಲ್ಲ. ಬೆಲ್ಮೀರೊಗೆ ಫೋನ್ ಮಾಡ್ಲಾ? ಮನೆಗೂ ಬಿಡ್ತಾನೆ, ವಿಳಾಸದ ಅರ್ಜೀನೂ ತುಂಬಿಕೊಡ್ತಾನೆ."

"ಬೇಡ! ನಮ್ಮ ಮುತ್ತಜ್ಜ ನಡುಗಡಲಲ್ಲಿ ತಿಮಿಂಗಿಲ ಹುಡುಕ್ದೋನು. ನನ್ನ ಮನೆ ಎಲ್ಲಿದೆ ಅಂತ ನಾನೇ ಹುಡುಕ್ಕೋತೀನಿ!"